ನಾಲ್ಕು ಡಿಸ್ಕು, ಒಂದು ಬೊಟ್ಟು ಕುಂಕುಮ

ನಮ್ಮ ಮನೆಗೆ ಮೊದಲ ಸಲ ಬಂದವರು ಪಡಸಾಲೆಯ ಕಪಾಟಿನ ಕಡೆ ನೋಡಿ ಒಂದು ಮಾತು ಕೇಳಿಯೇ ಕೇಳುತ್ತಾರೆ: "ಇದಕ್ಯಾಕ್ರಿ ಸರ್ ದಾರ ಕಟ್ಟೀರಿ, ನೆದರ ಆಗಬಾರದಂತೇನು?"

ಕಪಾಟಿನಲ್ಲಿರುವುದು ಒಂದು ಕರಿಯ ಪೆಟ್ಟಿಗೆ. ಖಾರದಪುಡಿ ಹಾಕಿಡುವ ದೊಡ್ಡ ಡಬ್ಬಿಯಷ್ಟಿದೆ. ಅದರ ಮುಂಭಾಗದಲ್ಲಿ ನಾಲ್ಕು ಖಾನೆ, ಖಾನೆಗೊಂದು ಹಾರ್ಡ್ ಡಿಸ್ಕು, ಒಂದೊಂದರ ಹಿಡಿಕೆಗೂ ಒಂದೊಂದು ಬಣ್ಣದ ದಾರ: ಕೆಂಪು, ಹಳದಿ, ಹಸಿರು, ಕಪ್ಪು. ಕಂಪ್ಯೂಟರ್ ಬಲ್ಲವರು ಇದನ್ನು ಸ್ಟೋರೇಜ್ ಸರ್ವರ್ ಎನ್ನುತ್ತಾರೆ. ನನ್ನ ಹೆಂಡತಿ ಸುಮಂಗಲಾ ಹಾಡಿನ ಪೆಟ್ಟಿಗೆ ಎನ್ನುತ್ತಾಳೆ. ಅವಳಿಟ್ಟ ಹೆಸರೇ ಸರಿ ಅನ್ನಿ, ಒಳಗೆ ಇರುವುದೆಲ್ಲ ಹಾಡೇ. ದಾರವನ್ನು ನೆದರಿಗೆಂದು, ಅಂದರೆ ದೃಷ್ಟಿ ತಾಕಬಾರದೆಂದು ಕಟ್ಟಿದ್ದಲ್ಲ, ನನ್ನ ಕೈಗೆ ಹೆದರಿ ಕಟ್ಟಿದ್ದು. ಹಾಗೆಂದು ಹೇಳಿದರೆ ಬಂದವರು ನಕ್ಕು ಚಹಾ ಕುಡಿಯುತ್ತಾರೆ, ಯಾರೂ ನಂಬುವುದಿಲ್ಲ. ನೀವಾದರೂ ನಂಬುತ್ತೀರಿ ಎಂಬ ಆಸೆಯಿಂದ ಹೇಳುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಜೇವರ್ಗಿ, ಅಫಜಲಪುರ, ಕೊನೆಗೆ ಆಳಂದ ಎಂದು ಮೂರು ತಾಲ್ಲೂಕು ಸುತ್ತಿ ಸೇವೆ ಮುಗಿಸಿ ಆಳಂದದಲ್ಲೇ ಉಳಿದೆ. ವರ್ಗವಾದಾಗ ಬೇರೆ ಮಾಸ್ತರರು ಆ ಊರಲ್ಲಿ ಬಾಡಿಗೆ ಮನೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು. ನಾನು ಅಲ್ಲಿ ಬೀಸುವ ಪದ ಹಾಡುವವರು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದೆ. ರವಿವಾರ ಬಂತೆಂದರೆ ಹೆಗಲಿಗೊಂದು ಟೇಪ್ ರೆಕಾರ್ಡರ್ ಹಾಕಿಕೊಂಡು ಹಳ್ಳಿ ಬಸ್ಸು ಹಿಡಿಯುತ್ತಿದ್ದೆ. ಬೀಸುವ ಪದ, ಸೋಬಾನ, ಮೊಹರಮ್ಮಿನ ಪದ, ಜೋಗುಳ, ಯಾರು ಏನು ಹಾಡಿದರೂ ಹಿಡಿದಿಟ್ಟೆ. ಇದರಿಂದ ಪದವಿಯೂ ಬರಲಿಲ್ಲ, ಪುಸ್ತಕವೂ ಆಗಲಿಲ್ಲ. "ಮಾಸ್ತರ ತಲಿ ಸುಮಾರದ" ಎಂಬ ಹೆಸರು ಮಾತ್ರ ಬಂತು.

ಈ ಚಟ ಯಾಕೆ ಹತ್ತಿತೆಂದು ಹೇಳಬೇಕಾದರೆ ನರೋಣಾಕ್ಕೆ ಹೋಗಬೇಕು. ನನಗಾಗ ಹನ್ನೊಂದು ವರ್ಷ. ಅಪ್ಪ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಕಾಕಾನ ಮದುವೆಯಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಸೋಬಾನ ಹಾಡಿದ್ದನ್ನು ಒಂದು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿದ್ದ. ಅದರ ಮೇಲೆ ಬೇರೇನೂ ಹತ್ತಬಾರದೆಂದು ಕ್ಯಾಸೆಟ್ಟಿನ ಬೆನ್ನಿನ ಎರಡು ಚಿಕ್ಕ ಚೂರುಗಳನ್ನು ಮುರಿದಿಟ್ಟಿದ್ದ. ನಿಮ್ಮಲ್ಲಿ ವಯಸ್ಸಾದವರಿಗೆ ಇದು ನೆನಪಿದ್ದೀತು. ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ನನಗೆ ಯಾರು ಹೇಳಿಕೊಟ್ಟರೋ ಕಾಣೆ. ಆಯಿ ತೀರಿಕೊಂಡ ಮರುವರ್ಷ, ಮನೆಯಲ್ಲಿ ಯಾರೂ ಇಲ್ಲದಾಗ, ಆ ಕ್ಯಾಸೆಟ್ಟು ಹಾಕಿ, ಗಂಟಲು ಸರಿಮಾಡಿಕೊಂಡು, ನರೋಣಾದ ಬಸ್ ನಿಲ್ದಾಣದ ಸೂಚನೆಗಳನ್ನು ಹೇಳತೊಡಗಿದೆ. ಆಳಂದದಿಂದ ಬರುವ ಬಸ್ಸು ತಡವಾಗಿದೆ, ಪ್ರಯಾಣಿಕರು ಬೇವಿನ ಗಿಡದ ಕೆಳಗೆ ನಿಲ್ಲಬೇಕು, ಕಿಸೆಗಳ್ಳರಿದ್ದಾರೆ ಎಚ್ಚರಿಕೆ. ನಮ್ಮೂರಿಗೆ ಆಗ ನಿಲ್ದಾಣವೇ ಇರಲಿಲ್ಲ. ಅರ್ಧ ಗಂಟೆ ಹೇಳಿದೆ.

ಅಪ್ಪ ಹೊಡೆಯಲಿಲ್ಲ. ಹೊಲದಿಂದ ಬಂದು ಕ್ಯಾಸೆಟ್ಟು ಹಚ್ಚಿದ. ನನ್ನ ದನಿ ಕೇಳಿತು. ನಿಲ್ಲಿಸುತ್ತಾನೆಂದುಕೊಂಡೆ, ನಿಲ್ಲಿಸಲಿಲ್ಲ. ಎಲ್ಲಾದರೂ ಒಂದು ಕಡೆ ತನ್ನ ಅವ್ವ ಉಳಿದಿದ್ದಾಳೇನೋ ಎಂದು, ಬರಲಾರದ ಬಸ್ಸುಗಳ ಸುದ್ದಿಯನ್ನು ಕೊನೆಯವರೆಗೂ ಕೇಳಿದ. ಆಮೇಲೆ ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದ. ಆ ದಿನ ನನಗಾದ ನಾಚಿಕೆ ಇಂದಿಗೂ ಇದೆ. ಅದಕ್ಕೆ ದೊಡ್ಡ ಹೆಸರೇನೂ ಕೊಡುವುದಿಲ್ಲ.

ಇರಲಿ, ಪೆಟ್ಟಿಗೆಯ ವಿಷಯಕ್ಕೆ ಬರೋಣ. ಕ್ಯಾಸೆಟ್ಟುಗಳಿಗೆ ಬೂಸ್ಟು ಬರತೊಡಗಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಕಂಪ್ಯೂಟರಿನದೂ ಭರವಸೆಯಿಲ್ಲ ಎಂದು ಗೊತ್ತಾದ ಮೇಲೆ ಗೆಳೆಯ ಮಹಿಬೂಬಸಾಬರ ಮೊರೆ ಹೋದೆ. ಅಫಜಲಪುರದಲ್ಲಿ ಅವರದೊಂದು ಅಂಗಡಿ. ಮುಂದಿನ ಖೋಲಿಯಲ್ಲಿ ಹೊಲದ ಮೋಟಾರಿಗೆ ವೈಂಡಿಂಗ್, ಹಿಂದಿನ ಖೋಲಿಯಲ್ಲಿ ಕಂಪ್ಯೂಟರ್ ರಿಪೇರಿ. ಎರಡನ್ನೂ ಅವರು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಅವರೇ ಈ ಪೆಟ್ಟಿಗೆ ತರಿಸಿ, ನಾಲ್ಕು ಡಿಸ್ಕು ಕೂಡಿಸಿ, ಒಂದೇ ಡಿಸ್ಕಿನ ಹಾಗೆ ಕೆಲಸ ಮಾಡುವಂತೆ ಹೊಂದಿಸಿಕೊಟ್ಟರು.

"ನಾಲ್ಕ ಮಂದಿ ಪಲ್ಲಕ್ಕಿ ಹೊತ್ತಂಗ ತಿಳಕೋರಿ ಸರ್," ಎಂದಿದ್ದರು. "ಒಬ್ಬಾಂವ ಕಾಲ ಎಡವಿದ್ರ ಮೂರ ಮಂದಿ ಸಂಭಾಳಸ್ತಾರ. ಇಬ್ಬರು ಒಮ್ಮೆಲೇ ಕುಂತ್ರ ಪಲ್ಲಕ್ಕಿ ನೆಲಕ್ಕ. ಅದಕ್ಕ ಇದರ ಸೆಟ್ಟಿಂಗ್ ಏನರ ಬದಲಿ ಮಾಡೋದಿದ್ರ ನನಗೊಂದ ಫೋನ್ ಹಚ್ರಿ. ಮತ್ತ, ಇದರದೊಂದ ನಕಲು ಬ್ಯಾರೆ ಕಡೆ ಇಡ್ರಿ."

ನಾನು ಹೂಂ ಎಂದೆ. ನಕಲು ಮಾಡಬೇಕೆಂದು ಪ್ರತಿ ತಿಂಗಳೂ ಅಂದುಕೊಂಡೆ. ನೀವೂ ಅಂದುಕೊಂಡಿರುತ್ತೀರಿ.

ಕಳೆದ ವರ್ಷ ದಸರೆಗೆ ಎಂಟು ದಿನ ಮುಂಚೆ ಒಂದು ಫೋನು ಬಂತು. ಮಾತಾಡಿದವನು ದೇವೀಂದ್ರ. ಊರು ಮಣ್ಣೂರು, ಭೂಸನೂರಿನ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್.

"ಸರ್, ನೀವು ಅಫಜಲಪುರದಾಗ ಇದ್ದಾಗ ನಮ್ಮ ಮನಿಗಿ ಬಂದು ನಮ್ಮವ್ವನ ಕಡಿಂದ ಬೀಸೋ ಪದ ಹಾಡಿಸಿ ಟೇಪ್ ಮಾಡ್ಕೊಂಡಿದ್ರಿ ಅಂತ. ನಮ್ಮ ಚಿಗವ್ವ ಮೊನ್ನಿ ಹೇಳಿದ್ಲು. ಶಾಂತಾಬಾಯಿ ಅಂತ್ರಿ, ವಿಹಾರದ ಓಣಿ. ಅದು ಇನ್ನಾ ಅದ ಏನ್ರಿ?"

ಭೀಮಾ ದಂಡೆಯ ಆ ಓಣಿ, ಬೀಸುಕಲ್ಲಿನ ಮುಂದೆ ಕುಳಿತ ತೆಳ್ಳನೆಯ ಹೆಂಗಸು ನನಗೆ ಮಸುಕಾಗಿ ನೆನಪಾದಳು. ಪಟ್ಟಿ ತೆಗೆದು ನೋಡಿದೆ. ಇತ್ತು.

"ಅದಪಾ. ರವಿವಾರ ಬಾ, ಪೆನ್ ಡ್ರೈವಿನ್ಯಾಗ ಹಾಕಿ ಕೊಡ್ತೇನಿ."

"ನಾ ಆರ ವರ್ಷದಾಂವ ಇದ್ದಾಗ ಹೋದ್ಲರಿ ಅಕಿ. ಮಾರಿ ಫೋಟೋದಾಗ ಅದ. ದನಿ ಹ್ಯಾಂಗಿತ್ತಂತ ಎಷ್ಟ ನೆನಸಿದ್ರೂ ಬರವಲ್ದು. ಈ ರವಿವಾರ ಡ್ಯೂಟಿ ಅದ್ರಿ. ದಸರಾ ಮುಗದ ಮ್ಯಾಲಿನ ರವಿವಾರ ಬರ್ತೇನಿ," ಎಂದು ಫೋನಿಟ್ಟ. ಇಷ್ಟು ಕೇಳಿದ ಮೇಲೂ ನಾನು ಅದನ್ನು ಅಂದೇ ಪೆನ್ ಡ್ರೈವಿಗೆ ಇಳಿಸಲಿಲ್ಲ. ಇನ್ನೂ ಹನ್ನೆರಡು ಹದಿಮೂರು ದಿನ ಇದೆಯಲ್ಲ ಎಂದು ಮಧ್ಯಾಹ್ನದ ನಿದ್ದೆಗೆ ಹೋದೆ.

ಮಹಾನವಮಿ ಬಂತು. ನಮ್ಮಲ್ಲಿ ಅಂದು ಖಂಡೆ ಪೂಜೆ. ದುಡಿಯುವ ಸಾಮಾನೆಲ್ಲ ತೊಳೆದು, ಒರೆಸಿ, ದೇವರ ಮುಂದಿಟ್ಟು ಪೂಜಿಸುವುದು. ಸುಮಂಗಲಾ ಕುಪ್ಪಸ ಹೊಲಿಯುವವಳು. ಅವಳ ಹೊಲಿಗೆ ಯಂತ್ರ, ಕತ್ತರಿ, ಅಡುಗೆಮನೆಯ ಈಳಿಗೆ, ನನ್ನ ಪೆನ್ನು, ಸ್ಕೂಟರಿನ ಕೀಲಿ ಎಲ್ಲ ಸಾಲಾಗಿ ಕೂರುತ್ತವೆ. ಆ ಮುಂಜಾನೆ ಹೂವು ತರಲು ಹೊರಟವನನ್ನು ಅವಳು ಕೇಳಿದಳು, "ಹಾಡಿನ ಪೆಟಗಿನೂ ಒರಸ್ಲ್ಯಾ? ವರ್ಷಾನುಗಟ್ಲೆ ಧೂಳ ಕುಂತದ."

"ಬಂದ್ ಮಾಡಿ ಒರಸು, ಏನ ಆಗಂಗಿಲ್ಲ," ಎಂದೆ. ನಾನೇ ಅಂದದ್ದು. ಇದನ್ನು ಸ್ವಲ್ಪ ನೆನಪಿಡಿ, ಯಾಕೆಂದರೆ ಮರುದಿನ ನಾನೇ ಅದನ್ನು ಮರೆತೆ.

ಅವಳ ಕೆಲಸ ಅರೆಬರೆ ಇರುವುದಿಲ್ಲ. ಮೇಲೆ ಮೇಲೆ ಒರೆಸಿ ಬಿಡುವವಳಲ್ಲ. ಖಾನೆ ಹಿಡಿದು ಎಳೆದಿದ್ದಾಳೆ, ಡಿಸ್ಕು ಹೊರಬಂದಿದೆ. ನಾಲ್ಕನ್ನೂ ತೆಗೆದು, ಹಳೆಯ ಮೆತ್ತನೆಯ ಧೋತರದಿಂದ ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದು, ಸಂಜೆಗೆ ಮತ್ತೆ ಖಾನೆಗಳಿಗೆ ತುಂಬಿದ್ದಾಳೆ. ನಾಲ್ಕೂ ಒಂದೇ ಥರ ಇದ್ದವು. ಯಾವುದು ಯಾವ ಖಾನೆಯದೆಂದು ಅವಳಿಗೆ ಹೇಗೆ ತಿಳಿಯಬೇಕು? ನನಗೂ ತಿಳಿಯುತ್ತಿರಲಿಲ್ಲ.

ಮರುದಿನ ದಶಮಿಯ ಸಂಜೆ ದೇವೀಂದ್ರನ ಹಾಡು ತೆಗೆದಿಡೋಣವೆಂದು ಪೆಟ್ಟಿಗೆ ಚಾಲೂ ಮಾಡಿದೆ. ಅದು ಕೀ ಕೀ ಎಂದು ಕೂಗತೊಡಗಿತು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಾಲ್ಕರಲ್ಲಿ ಒಂದು ಡಿಸ್ಕು ಕಾಣುತ್ತಿಲ್ಲ, ಹಾಡುಗಳು ಮಾತ್ರ ಇವೆ. ಅಂದರೆ ಒಬ್ಬ ಎಡವಿದ್ದಾನೆ, ಮೂವರು ಹೊತ್ತಿದ್ದಾರೆ. ಬುದ್ಧಿ ಇದ್ದವನು ಅಲ್ಲೇ ನಿಂತು ಮಹಿಬೂಬಸಾಬರಿಗೆ ಫೋನು ಮಾಡುತ್ತಿದ್ದ. ನಾನು ಸುಮಂಗಲಾಳನ್ನು ಕರೆದೆ. ಅವಳು ನಡೆದದ್ದನ್ನು ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ನಿನ್ನ ಪೂಜಿ ಸುಡ್ಲಿ, ಇಪ್ಪತ್ತೈದ ವರ್ಷದ್ದು ಎಲ್ಲಾ ನೀರಾಗ ಹಾಕಿದಿ," ಎಂದೆ. ಹಬ್ಬದ ದಿನ, ಹಣೆತುಂಬ ಕುಂಕುಮ ಇಟ್ಟುಕೊಂಡು ನಿಂತ ಹೆಂಡತಿಗೆ.

ಅವಳು ಒಳಗೆ ಹೋದಳು. ನಾನು ಪೆಟ್ಟಿಗೆಯ ಮುಂದೆ ಕುಕ್ಕರಿಸಿದೆ. ಅನುಕ್ರಮ ತಪ್ಪಿದ್ದರಿಂದಲೇ ಹೀಗಾಗಿದೆ, ಅದಲು ಬದಲು ಮಾಡಿದರೆ ಸರಿಹೋಗುತ್ತದೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿ, ಪೆಟ್ಟಿಗೆ ನಡೆಯುತ್ತಿರುವಾಗಲೇ ಎರಡನೆಯ ಖಾನೆಯ ಡಿಸ್ಕನ್ನು ಎಳೆದುಬಿಟ್ಟೆ. ಕೀ ಕೀ ನಿಂತಿತು. ಹಾಡುಗಳ ಪಟ್ಟಿಯೂ ಮಾಯವಾಯಿತು. ಗಾಬರಿಯಾಗಿ ಮತ್ತೆ ತುರುಕಿದೆ, ಪಟ್ಟಿ ಬರಲಿಲ್ಲ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಡಿಸ್ಕುಗಳನ್ನು ಹೊಸದಾಗಿ ಹೊಂದಿಸಬೇಕೇ? ಕೆಳಗೆ ನೀಲಿ ಬಣ್ಣದ ಹೌದು.

ಆ ಹೌದು ಒತ್ತಿದ್ದರೆ ನಾಲ್ಕೂ ಡಿಸ್ಕು ಅಳಿಸಿಹೋಗಿ ಹೊಸದಾಗುತ್ತಿದ್ದವು ಎಂದು ನನಗೆ ಆಮೇಲೆ ತಿಳಿಯಿತು. ಬೆರಳು ಅದರ ಮೇಲೆಯೇ ಇತ್ತು. ಒತ್ತದೆ ಉಳಿದದ್ದು ಜಾಣತನದಿಂದ ಅಲ್ಲ. ಬನ್ನಿ ಕೊಡಲು ಓಣಿಯ ಜನ ಬಂದು ಬಾಗಿಲಲ್ಲಿ ಸರ್, ಸರ್ ಎಂದು ಕರೆದರು, ಎದ್ದು ಹೋದೆ. ಅವರಿಗೆಲ್ಲ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದು ತಬ್ಬಿಕೊಂಡು ಒಳಗೆ ಬಂದೆ. ಸುಮಂಗಲಾ ನನ್ನ ಪಾಲಿನ ಬನ್ನಿ ಎಲೆಯನ್ನು ಮೇಜಿನ ಮೇಲಿಟ್ಟು ಹೋಗಿದ್ದಳು.

ಮಹಿಬೂಬಸಾಬರಿಗೆ ಫೋನು ಮಾಡಿದೆ. ಪೂಜೆಯ ಕಥೆ ಹೇಳಿದೆ. ಎರಡನೆಯ ಡಿಸ್ಕನ್ನು ಎಳೆದ ಕಥೆ ಬಾಯಿಗೆ ಬರಲಿಲ್ಲ.

"ಪೆಟಗಿ ಬಂದ್ ಮಾಡಿ ಬಿಡ್ರಿ. ಪ್ಲಗ್ ಕಿತ್ತಿಡ್ರಿ. ಶನಿವಾರ ಬರ್ತೇನಿ. ಅಲ್ಲಿಮಟ ಅದರ ಕಡಿ ಹೊಳ್ಳಿ ಸುದ್ದಾ ನೋಡಬ್ಯಾಡ್ರಿ," ಎಂದರು.

ಶನಿವಾರಕ್ಕೆ ಇನ್ನೂ ಕೆಲವು ದಿನ ಇದ್ದವು. ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬೀಳುತ್ತಿತ್ತು, ಶೇಂಗಾ ಹಿಂಡಿಯೂ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿಯೇ ಇತ್ತು. ಒಮ್ಮೆ ಮಾತ್ರ, ಅಂಗಳದಲ್ಲಿ ಅಕ್ಕಿ ಆರಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು, "ಆ ಹುಡುಗ ಬಂದ್ರ ಏನ್ ಹೇಳ್ತೀರಿ? ನನ್ನಿಂದ ಆತಂತ ಹೇಳ್ರಿ. ಖರೇನೂ ಹೌದು. ಅಂವಗ ನಾನs ಕೈ ಮುಗಿತೇನಿ."

ನಾನು ಆಗಲೇ ನಿಜ ಹೇಳಬೇಕಿತ್ತು. ನನಗೆ ಧೈರ್ಯ ಬರಲಿಲ್ಲ. ಅವಳು ತಾನೇ ಹೊತ್ತುಕೊಂಡ ತಪ್ಪನ್ನು ಅವಳ ತಲೆಯ ಮೇಲೇ ಬಿಟ್ಟು ನಾನು ಪೇಪರು ಮಗುಚಿದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಮಾಡಿದವನು ನಾನು.

ಶನಿವಾರ ಮಹಿಬೂಬಸಾಬರು ಬಸ್ಸಿಳಿದು ಬಂದರು. ಕೈಚೀಲದಲ್ಲಿ ಒಂದು ಖಾಲಿ ಡಿಸ್ಕು, ಮೆತ್ತನೆಯ ಬ್ರಷ್ಷು, ಮೋಟಾರಿನ ವೈಂಡಿಂಗಿಗೆ ಕಟ್ಟುವ ಬಣ್ಣದ ದಾರದ ಉಂಡೆಗಳು. ಪೆಟ್ಟಿಗೆಯ ಹತ್ತಿರವೇ ಹೋಗಲಿಲ್ಲ. ಕುಳಿತು ಕಾಗದ, ಪೆನ್ನು ಕೇಳಿದರು.

"ಮೊದಲ ಬರೀರಿ ಸರ್. ಏನೇನ ಆತು, ಯಾವದರ ಮ್ಯಾಲ ಯಾವದು ಆತು. ಮಣ್ಣೂರ ಹೊಳಿದಂಡಿಗಿ ಮೋಟಾರ ಬಿಚ್ಚಾಕ ಹೋದ್ರ ನಾ ಮೂರೂ ವೈರಿಗಿ ಒಂದೊಂದ ಬಣ್ಣದ ದಾರ ಕಟ್ಟಿ, ಚೀಟಿನ್ಯಾಗ ಬರಕೊಂಡs ಬಿಚ್ಚತೇನಿ. ಬಿಚ್ಚಿದ ಮ್ಯಾಲ ಎಲ್ಲಾ ವೈರೂ ಒಂದs ನಮೂನಿ ಕಾಣ್ತಾವ. ಅದಲ ಬದಲ ಆದ್ರ ಮೋಟಾರ ಉಲ್ಟಾ ತಿರಗತದ."

ನಾನು ಬರೆದೆ. ಪೂಜೆ, ಒರೆಸಿದ್ದು, ಅದಲು ಬದಲು, ಕೀ ಕೀ. ಅವರು ಓದಿದರು.

"ಇಷ್ಟs ಏನ್ರಿ?"

"ಇಷ್ಟs."

"ಅಲ್ರಿ, ಡಿಸ್ಕಿನ ಜಾಗಾ ಬದಲಾದ್ರ ಈ ಪೆಟಗಿಗಿ ಏನೂ ಆಗಂಗಿಲ್ಲ. ನಾ ಎಷ್ಟನೇದಂವ, ನನ್ನ ಜೋಡಿ ಯಾರ್ಯಾರ ಅದಾರ ಅಂತ ಹರೇಕ್ ಡಿಸ್ಕ್ ತನ್ನ ಹೊಟ್ಟಿಯಾಗ ಬರಕೊಂಡಿರತದ. ಯಾವ ಖಾನಿಗಿ ಹಾಕಿದ್ರೂ ಹುಡುಕಿ ಜೋಡಾಗತಾವ. ವೈನಿಯವರದು ಇದರಾಗ ಏನೂ ತಪ್ಪಿಲ್ಲ." ಡಿಸ್ಕುಗಳನ್ನು ಒಂದೊಂದಾಗಿ ತೆಗೆದು, ಅದರ ನಂಬರು ಬರೆದುಕೊಂಡು, ದಾರ ಕಟ್ಟುತ್ತ ಹೋದರು. ಕಪ್ಪು ದಾರದ್ದನ್ನು ಬೆಳಕಿಗೆ ಹಿಡಿದರು. ಹಿಂದೆ, ಪೆಟ್ಟಿಗೆಗೆ ಕಚ್ಚಿಕೊಳ್ಳುವ ಬಂಗಾರ ಬಣ್ಣದ ಹಲ್ಲುಗಳ ಮೇಲೆ ಒಣಗಿದ ಕುಂಕುಮದ ಒಂದು ಬೊಟ್ಟು. "ಇದಕ್ಕs ಇದೊಂದು ಕಾಣಲಿಲ್ಲ, ಖರೆ. ಆದ್ರ ಮೂರು ನಡೀಬೇಕಾಗಿತ್ತಲ್ಲ. ಪೂರಾ ಬಂದ್ ಯಾಕಾತು? ಇರ್ಲಿ, ಪೆಟಗಿನೂ ಒಂದ ಡೈರಿ ಬರೀತದ. ಯಾವ ಟೈಮಿಗಿ ಏನಾತು ಅಂತ ಅದರಾಗ ನೋಡತೇನಿ."

ಡೈರಿ ಎಂದೊಡನೆ ನಾನು ಕುರ್ಚಿಯಿಂದ ಎದ್ದೆ. ಸುಮಂಗಲಾ ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೋಡೋದು ಬ್ಯಾಡ್ರಿ," ಎಂದೆ. "ನಡೀತಿದ್ದಾಗs ನಾನs ಇನ್ನೊಂದು ಎಳದೆ. ಅದಾದ ಮ್ಯಾಲs ಎಲ್ಲಾ ಹೋತು. ಅಕಿದೇನೂ ಇಲ್ಲ."

ಮಹಿಬೂಬಸಾಬರು ತಲೆ ಎತ್ತಲಿಲ್ಲ. ಕಾಗದವನ್ನು ನನ್ನ ಕಡೆ ಸರಿಸಿ, "ಅದನ್ನೂ ಬರೀರಿ," ಎಂದರು. ಬರೆದೆ. ಸುಮಂಗಲಾ ಬಂದು ಅವರಿಗೊಂದು ಕಪ್ಪು ಚಹಾ ಕೊಟ್ಟಳು. ನನ್ನದನ್ನು ಮೇಜಿನ ಮೇಲಿಟ್ಟು, ಹೊರಟವಳು ನಿಂತು ಹೇಳಿದಳು, "ನಾಲ್ಕ ದಿನದಿಂದ ಊಟ ರುಚಿ ಹತ್ತಿಲ್ಲ ನನಗ. ನಿಮಗ ಹ್ಯಾಂಗ ಹತ್ತಿತ್ತು?"

"ತಪ್ಪಾತು ಸುಮಾ," ಎಂದೆ, ಗೆಳೆಯನ ಎದುರಿಗೇ. ಮದುವೆಯಾದಾಗಿನಿಂದ ಆ ಎರಡು ಶಬ್ದ ನಾನು ಅವಳಿಗೆ ಎಷ್ಟು ಸಲ ಹೇಳಿದ್ದೇನೆಂದು ಅವಳನ್ನೇ ಕೇಳಿ, ಬೆರಳು ಮಡಚುವ ತೊಂದರೆ ಇರುವುದಿಲ್ಲ.

ಮಹಿಬೂಬಸಾಬರ ಕೆಲಸ ನೋಡುವುದೇ ಒಂದು ಪಾಠ. ಅವಸರವೆಂಬುದೇ ಇಲ್ಲ. ಒಂದು ಹೆಜ್ಜೆ ಇಡುವ ಮುಂಚೆ ಅದನ್ನು ಕಾಗದದಲ್ಲಿ ಬರೆಯುವರು. ಇಟ್ಟ ಮೇಲೆ ಏನಾಯಿತೆಂದು ಪಕ್ಕದಲ್ಲಿ ಬರೆಯುವರು. ಸರಿಯಾಗದಿದ್ದರೆ ಬಂದ ದಾರಿಯಲ್ಲೇ ಹಿಂದೆ ಹೋಗಲು ಬರಬೇಕು ಎಂಬುದು ಅವರ ಲೆಕ್ಕ. ಕುಂಕುಮದ ಡಿಸ್ಕನ್ನು ಒರೆಸಿದರೂ ಒಳಗೆ ಹಾಕಲಿಲ್ಲ. ಅದು ಮೊದಲೇ ಬಿಟ್ಟುಹೋದದ್ದು, ಅದರ ಮಾತು ಹಳೆಯದಾಗಿರುತ್ತದೆ ಎಂದು ಪಕ್ಕಕ್ಕಿಟ್ಟರು. ಉಳಿದ ಮೂರನ್ನು ಮಾತ್ರ ಜೋಡಿಸಿದರು. ಅದೂ ಓದಲು ಬರುವಂತೆ ಮಾತ್ರ, ಒಂದು ಅಕ್ಷರವೂ ಹೊಸದಾಗಿ ಬರೆಯಲು ಬಾರದಂತೆ.

"ರೋಗಿಗಿ ಎಬ್ಬಿಸಿ ಕೂಡ್ಸೇನಿ, ಓಡಸೂದು ಆಮ್ಯಾಲ," ಎಂದು ಎಂಟರ್ ಒತ್ತಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಪಟ್ಟಿ ಬಂದಿತ್ತು. ಜೇವರ್ಗಿ, ಅಫಜಲಪುರ, ಆಳಂದ. "ಯಾವದ ಮೊದಲ ನಕಲ ಮಾಡಲಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಸುಮಂಗಲಾ ಹೇಳಿದಳು, "ಮಣ್ಣೂರದ್ದು, ಅಣ್ಣಾ. ಶಾಂತಾಬಾಯಿದು."

ಸಂಜೆಯ ಬಸ್ಸಿಗೆ ಅವರು ಹೊರಡುವಷ್ಟರಲ್ಲಿ ಹಾಡುಗಳೆಲ್ಲ ಖಾಲಿ ಡಿಸ್ಕಿಗೆ ಇಳಿದಿದ್ದವು. ಕಪ್ಪು ದಾರದ ಡಿಸ್ಕನ್ನು ಮತ್ತೆ ಖಾನೆಗೆ ಸೇರಿಸಿ, ಅದಕ್ಕೆ ಉಳಿದ ಮೂರೂ ಸೇರಿ ಪಾಠ ಹೇಳಿಕೊಡಲು ಒಂದು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ತಡವಬೇಡಿ ಎಂದು ಹೇಳಿ ಹೋದರು. ನಾನು ಕೈ ಬೆನ್ನಿಗೆ ಕಟ್ಟಿಕೊಂಡು ತಿರುಗಾಡಿದೆ.

ದೇವೀಂದ್ರ ಮರುದಿನ ಹತ್ತಕ್ಕೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕುರ್ಚಿ ತೋರಿಸಿದರೆ, "ಇರ್ಲಿ ಬಿಡ್ರಿ ಸರ್," ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಸುಮಂಗಲಾ ನೀರು ತಂದುಕೊಟ್ಟರೂ ಲೋಟ ಕೈಯಲ್ಲೇ ಇತ್ತು.

ಲ್ಯಾಪ್‌ಟಾಪಿನಲ್ಲಿ ಹಾಡು ಹಚ್ಚಿದೆ. ಮೊದಲು ನನ್ನದೇ ದನಿ, ಊರು, ಓಣಿ, ಹೆಸರು, ಏನೋ ದೊಡ್ಡ ಪಂಡಿತನ ಹಾಗೆ. ಆಮೇಲೆ ಬೀಸುಕಲ್ಲಿನ ಗುರ್ ಗುರ್. ಅದರ ಮೇಲೆ ಶಾಂತಾಬಾಯಿಯ ದನಿ ಎದ್ದಿತು. ಮೇಲೆ ಹೋಗುವಾಗ ಸ್ವಲ್ಪ ಒಡೆಯುವ, ಏನೂ ಅಲಂಕಾರವಿಲ್ಲದ ದನಿ. ನಾನು ದೇವೀಂದ್ರನ ಮುಖ ನೋಡಿದೆ. ಅವನು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ, ಪರಿಚಯದವರನ್ನು ಗುರುತು ಹಿಡಿಯಲಾಗದೆ ನಿಂತವನ ಹಾಗೆ. ಎರಡು ನುಡಿ ಮುಗಿದವು. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಇಷ್ಟೆಲ್ಲ ಮಾಡಿದರೂ ಅವನಿಗೆ ಅವನ ತಾಯಿ ಸಿಗಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಒಂದು ವಿಷಯ ಹೇಳಬೇಕು. ಕ್ಯಾಸೆಟ್ಟಿನಿಂದ ಇಳಿಸುವಾಗ ಹಾಡಿನ ನಡುವಿನ ಕೆಮ್ಮು, ಮಾತು, ಕೋಳಿ ಕೂಗು ಎಲ್ಲ ಕತ್ತರಿಸಿ ಹಾಡನ್ನು ಚೊಕ್ಕ ಮಾಡುವುದು ನನ್ನ ರೂಢಿ. ಮಣ್ಣೂರಿನವು ಮಾತ್ರ ಸೋಮಾರಿತನದಿಂದ ಹಾಗೇ ಉಳಿದಿದ್ದವು. ಮೂರನೆಯ ನುಡಿಯ ಅರ್ಧಕ್ಕೆ ಬೀಸುಕಲ್ಲು ತಟ್ಟನೆ ನಿಂತಿತು. ಹಾಡುವ ದನಿ ಹೋಗಿ ದಿನದ ಮಾತಿನ ದನಿ ಬಂತು.

"ಏ ದೇವ್ಯಾ, ಹಿಟ್ಟಿನ್ಯಾಗ ಆಡಬ್ಯಾಡೋ ನನ ಮಗನೆ. ನೋಡಲ್ಲಿ, ಮಾರಿ ತುಂಬ ಬಳಕೊಂಡಿ. ಬಾ, ಇಲ್ಲಿ ನನ ಮಗ್ಗಲ ಬಂದು ಕೂಡು."

ದೇವೀಂದ್ರ ಬಾಗಿಲ ಚೌಕಟ್ಟು ಬಿಟ್ಟು ನೆಟ್ಟಗಾದ. ಅವನು ಲೋಟವನ್ನು ನೆಲಕ್ಕಿಟ್ಟ. ಇಸ್ತ್ರಿ ಅಂಗಿಯ ತೋಳಿನಿಂದ ಒಮ್ಮೆ ಮುಖ ಒರೆಸಿಕೊಂಡ. ಆಮೇಲೆ ನಮ್ಮಿಬ್ಬರನ್ನೂ ದಾಟಿ ಬಂದು, ಲ್ಯಾಪ್‌ಟಾಪಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಬಂದೇನಿ ಯವ್ವಾ," ಎಂದ.

ಬೀಸುಕಲ್ಲು ಮತ್ತೆ ತಿರುಗತೊಡಗಿತು.